ಮೇಲಿನ ಬೀದಿ, ಕೆಳಗಿನ ಬೀದಿ ಮತ್ತು ನನ್ನ ಹಾರ್ಮೋನಿಯಂ

ನಾನು ನ್ಯಾಯವಂತನೆಂದು ನನಗೆ ಮೊದಲಿನಿಂದಲೂ ಗುಮಾನಿ ಇತ್ತು. ಕಂಪ್ಯೂಟರಿನಲ್ಲಿ ಹಾಡು ಮಿಕ್ಸ್ ಮಾಡಲು ಕುಳಿತ ಮೇಲೆ ಖಾತ್ರಿಯಾಯಿತು. ಅಲ್ಲಿ ಒಬ್ಬೊಬ್ಬರ ದನಿಯೂ ಒಂದೊಂದು ಟ್ರ್ಯಾಕ್. ಪ್ರತಿಯೊಂದಕ್ಕೂ ಏರಿಸಿ ಇಳಿಸುವ ಒಂದು ಗುಂಡಿ. ಜನರ ಬಾಯಿಯನ್ನು ಬೆರಳ ತುದಿಯಲ್ಲಿ ಹಿಡಿದಿಡುವ ಇಂಥ ಭಾಗ್ಯ, ಕಡೂರಿನ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಮೇಷ್ಟ್ರಾಗಿದ್ದರೂ ನನಗೆ ಒದಗಿರಲಿಲ್ಲ.

ಹಾಡಿದ್ದು ಸಿಂಗಟಗೆರೆಯ ನಮ್ಮ ಭಜನಾ ತಂಡ. ಎಂಬತ್ತು ದಾಟಿದ ರುದ್ರಜ್ಜ ಸೊಲ್ಲು ಎತ್ತಿಕೊಡುವುದು, ಉಳಿದವರು ಹಿಂದೆ ಹೇಳುವುದು, ನಾನು ಹಾರ್ಮೋನಿಯಂ ಒತ್ತುವುದು ನಮ್ಮ ಪದ್ಧತಿ. ಅಜ್ಜನ ಗಂಟಲು ಸೋಲುತ್ತಿತ್ತು. ಇರುವಷ್ಟಾದರೂ ಉಳಿಯಲೆಂದು ರೆಕಾರ್ಡ್ ಮಾಡಿಕೊಂಡೆವು. ಅದಾದ ವಾರಕ್ಕೇ ಡಾಕ್ಟರು, ಇನ್ನು ಹಾಡಕೂಡದು ಎಂದುಬಿಟ್ಟರು. ಹಾಗಾಗಿ ಅಜ್ಜನ ದನಿ ಅಂತ ಉಳಿದಿರುವುದು ಇದೊಂದೇ.

ಈ ಕೆಲಸ ಬಲ್ಲವರು ದನಿಗಳದ್ದೊಂದು ಗುಂಪು, ವಾದ್ಯಗಳದ್ದೊಂದು ಗುಂಪು ಮಾಡಿ, ಗುಂಪಿಗೊಂದೇ ಗುಂಡಿ ಇಟ್ಟುಕೊಳ್ಳುತ್ತಾರೆ. ಇದನ್ನು ತಂಡಕ್ಕೆ ವಿವರಿಸಿದ್ದೇ ನನ್ನ ತಪ್ಪು. "ಗುಂಪು ಅಂದ್ಮೇಲೆ ಬೀದಿ ಲೆಕ್ಕನೇ ಕಣ್ರೀ ಮೇಷ್ಟ್ರೇ," ಎಂದರು ತಬಲಾದ ಓಂಕಾರಪ್ಪ. ಊರಲ್ಲಿ ಚಪ್ಪರ ಹಾಕುವುದರಿಂದ ಹಿಡಿದು ಪಾಯಸ ಬಡಿಸುವವರೆಗೆ ಎಲ್ಲವೂ ಮೇಲಿನ ಬೀದಿ, ಕೆಳಗಿನ ಬೀದಿ ಎಂದೇ ಹಂಚಿಕೆ, ಕಂಪ್ಯೂಟರಿಗೇನು ಕೊಂಬೇ? ತಬಲಾ ಮತ್ತು ಮೂರು ದನಿ ಮೇಲಿನ ಬೀದಿಗೆ, ತಾಳ ಮತ್ತು ಮೂರು ದನಿ ಕೆಳಗಿನ ಬೀದಿಗೆ ಹೋದವು. ಒಬ್ಬೊಬ್ಬರದನ್ನು ಬೇರೆಯಾಗಿ ಮುಟ್ಟಕೂಡದೆಂದು ಕರಾರೂ ಆಯಿತು. ಓಂಕಾರಪ್ಪನ ತಮ್ಮನ ಅರಚಾಟ ತಗ್ಗಿಸಹೋದರೆ ತಬಲಾವೂ ಅವನ ಜೊತೆ ಬಾವಿಗೆ ಬೀಳುತ್ತಿತ್ತು.

ಆಮೇಲೆ ಶುರುವಾಯಿತು ಶಿಫಾರಸು. ಬೆಳಗ್ಗೆ ಕೆಳಗಿನ ಬೀದಿಯ ಶಂಕರಣ್ಣ ಎಳನೀರು ಹಿಡಿದು ಬರುವರು. "ನಮ್ದು ಶಾನೆ ಸಣ್ಣುಕ್ ಕೇಳ್ತೈತೆ, ಒಂಚೂರು ಎತ್ತಿ." ಎತ್ತುವೆ. ಸಂಜೆ ಓಂಕಾರಪ್ಪ ಬರುವರು. "ಅವರ್ದು ಎತ್ತಿದ್ರಂತೆ?" ಅವರದನ್ನೂ ಎತ್ತುವೆ. ಸಮಪಾಲು ಎಂದರೆ ಸಮಪಾಲು. ಸದ್ದು ಮಿತಿಮೀರಿತೆಂದು ಪರದೆಯ ಮೇಲೆ ಕೆಂಪು ದೀಪ ಉರಿದರೂ ನಾನು ನ್ಯಾಯ ಬಿಡಲಿಲ್ಲ. ಅಜ್ಜ ಮಾತ್ರ ಯಾವ ಗುಂಪಿಗೂ ಸೇರಿರಲಿಲ್ಲ. "ಅವ್ರು ಇಡೀ ಊರಿಗೆ ಸೇರ್ದೋರು," ಎಂದು ಎರಡೂ ಬೀದಿಯವರು ಕೈಮುಗಿದಿದ್ದರು. ಅವರ ಪರವಾಗಿ ಎಳನೀರು ತಂದವರು ಯಾರೂ ಇಲ್ಲ.

ಭಾನುವಾರ ಅಜ್ಜನ ಜಗಲಿಯಲ್ಲೇ ಎಲ್ಲರೂ ಕೂತು ಕೇಳಿದೆವು. ಎರಡೂ ಬೀದಿಯವರು ತಲೆದೂಗಿದರು. ಅಜ್ಜ ಕಿವಿಗೆ ಕೈ ಒಡ್ಡಿ ಕೊನೆಯವರೆಗೂ ಕೇಳಿ, ನನ್ನ ಕಡೆ ತಿರುಗಿ ಮೆಲ್ಲಗೆ, "ಬಲು ಚೆನ್ನಾಗೈತೆ ಕಣಪ್ಪ. ಅವತ್ತು ನಾನು ಬಂದಿರ್ಲಿಲ್ವಾ?" ಎಂದರು.

ನನಗೆ ನಾಚಿಕೆಯಾಯಿತು. ಮನೆಗೆ ಓಡಿ ಕಂಪ್ಯೂಟರ್ ತೆಗೆದೆ. ಅಜ್ಜನ ಗುಂಡಿ ಮೊದಲ ದಿನ ಇಟ್ಟಲ್ಲೇ ಇತ್ತು. ಎರಡು ಬೀದಿಗಳೂ ಅದರ ತಲೆಯ ಮೇಲೆ ಹತ್ತಿ ಕೂತಿದ್ದವು. ಅವೆರಡಕ್ಕಿಂತಲೂ ಮೇಲೆ ಇನ್ನೊಂದಿತ್ತು. ಯಾವ ಬೀದಿಗೂ ಸೇರದ, ತರೀಕೆರೆಯಿಂದ ಬಂದು ಇಲ್ಲಿ ಬಾಡಿಗೆಗಿರುವ ಈ ಮೇಷ್ಟ್ರ ಹಾರ್ಮೋನಿಯಂ. ಅದನ್ನು ಎತ್ತಿ ಎಂದು ಯಾರೂ ಕೇಳಿರಲಿಲ್ಲ.

ಎರಡೂ ಬೀದಿಗಳನ್ನು ನಿರ್ದಾಕ್ಷಿಣ್ಯವಾಗಿ ಇಳಿಸಿದೆ. ಅಜ್ಜನ ದನಿ ನಡುಗುತ್ತಾ ಮೇಲೆದ್ದು ಬಂತು, ಕಣ್ಣು ಒದ್ದೆಯಾಯಿತು. ಹಾರ್ಮೋನಿಯಂ ಕೂಡ ಇಳಿಸಿದೆ, ಒಂದು ಚೂರು. ಎಷ್ಟಾದರೂ ಅದರ ಪರ ಮಾತಾಡುವವರು ಈ ಊರಲ್ಲಿ ಬೇರೆ ಯಾರಿದ್ದಾರೆ?