ಬೀಗರ ತೋಳಿನ ಅಂದಾಜು

ಮುಂಡರಗಿಯ ಇನಾಯತನಿಗೆ ವಾರದಿಂದ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಇಪ್ಪತ್ತು ವರ್ಷ ಗುದ್ದಲಿ, ಕೊಡಲಿಗಳ ಮರದ ಕಾವು ಮಾರಿದ ಮನುಷ್ಯ. ಗಿರಾಕಿಯ ತೋಳು ಹಿಡಿದು ನೋಡಿದರೆ ಸಾಕು, ಎಂಥ ಕಾವು ಬೇಕೆಂದು ಹೇಳಬಲ್ಲ. ಅಂಥ ಮಹಾಪಂಡಿತನನ್ನು ಒಂದು ಗಾಲ್ಫ್ ಕೋಲು ಕಂಗೆಡಿಸಿತ್ತು.

ಬಕ್ರೀದ್ ಆದ ಮೇಲಿನ ಶುಕ್ರವಾರ ಮಗಳು ಸಾಯಿಮಾಳ ನಿಶ್ಚಯ. ಲಕ್ಷ್ಮೇಶ್ವರದ ಬೀಗರು ಅಲ್ಲಾಉದ್ದೀನ ಸಾಹೇಬರು ಮಿಲಿಟರಿಯಿಂದ ನಿವೃತ್ತರಾದವರು, ಗಾಲ್ಫ್ ಹುಚ್ಚಿನವರು (ಅದಕ್ಕಾಗಿಯೇ ಬೆಳಗಾವಿಗೆ ಹೋಗಿಬರುವಷ್ಟು). ಅವರಿಗೆ ಗಾಲ್ಫ್ ಕೋಲುಗಳನ್ನೇ ಉಡುಗೊರೆ ಕೊಡುವುದಾಗಿ ಇನಾಯತ ಎಲ್ಲರೆದುರು ಘೋಷಿಸಿಬಿಟ್ಟಿದ್ದ. ಹುಬ್ಬಳ್ಳಿಯ ಅಂಗಡಿಯವನು ಫೋನಿನಲ್ಲಿ ಕೇಳಿದ, "ಕೋಲು ಸ್ಟೀಲಿಂದೋ ಗ್ರಾಫೈಟಿಂದೋ? ತೋಳಾಗ ಜೋರಿದ್ದವ್ರಿಗೆ ಸ್ಟೀಲ್ ಚಲೋ. ವಯಸ್ಸಾದವ್ರಿಗೆ ಗ್ರಾಫೈಟ್, ಹಗುರ ಇರತೈತಿ."

"ಆಮ್ಯಾಲೆ ಹೇಳ್ತೀನಿ," ಎಂದು ಇನಾಯತ ಫೋನಿಟ್ಟ. ಗ್ರಾಫೈಟ್ ಕೊಟ್ಟರೆ 'ನಿಮಗೆ ಮುಪ್ಪು ಬಂತು' ಎಂದು ತುಂಬಿದ ಸಭೆಯಲ್ಲಿ ಸಾರಿದಂತೆ. ಸ್ಟೀಲ್ ಕೊಟ್ಟು ಬೀಗರ ಹೆಗಲು ಉಳುಕಿದರೆ ಮಗಳ ಮದುವೆಯ ಗತಿ?

"ಫೋನ್ ಮಾಡಿ ಕೇಳ್ರಲ್ಲ," ಎಂದಳು ಹೆಂಡತಿ ಅಮೀನಬಿ.

"ಏನಂತ ಕೇಳ್ಲಿ? 'ಸಾಹೇಬ್ರ, ನಿಮ್ಮ ಮೈಯಾಗ ಕಸುವು ಉಳದೈತೇನ್ರಿ' ಅಂತಲೇನು?"

"ಹಂಗಂದ್ರ ಒಂದು ಕೈಗಡಿಯಾರ ಕೊಟ್ಟು ಸುಮ್ಮನಾಗ್ರಿ."

"ನಿನಗ ತಿಳಿಯೂದಿಲ್ಲ. ತೋಳ ನೋಡಿ ನಾನೇ ಹೇಳ್ತೀನಿ."

ಬಕ್ರೀದ್ ದಿನ ಲಕ್ಷ್ಮೇಶ್ವರಕ್ಕೇ ಹೋದ. ನಮಾಜು ಮುಗಿದೊಡನೆ ಬೀಗರನ್ನು ಅಪ್ಪಿಕೊಂಡ. ಪದ್ಧತಿಯಂತೆ ಮೂರು ಸಲವಾಯಿತು, ಅಂದಾಜು ಸಿಗಲಿಲ್ಲ. ನಾಲ್ಕನೆಯ ಸಲ ಗಟ್ಟಿಯಾಗಿ ಅಮುಕಿದ. ಬೀಗರೂ ಅಮುಕಿದರು. ಐದನೆಯ ಸಲ ಇನಾಯತನ ಪಕ್ಕೆಲುಬೇ ಲಟಕ್ಕೆಂದಿತು. ಅವನಿಗೆ ಆನಂದವೋ ಆನಂದ! ಅಲ್ಲಿಂದಲೇ ಹುಬ್ಬಳ್ಳಿಗೆ ಫೋನು ಹೋಯಿತು: "ಸ್ಟೀಲ್ ಕಳಸ್ರಿ!"

ಶುಕ್ರವಾರ ಬೀಗರು ಬಂದರು. ಬಲಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ತೂಗುತ್ತಿತ್ತು. ಇನಾಯತ ಅದನ್ನು ಕಾಣದವನಂತೆ ಸ್ಟೀಲ್ ಕೋಲುಗಳ ಚೀಲ ಮುಂದಿಟ್ಟ. ಸಾಹೇಬರು ಎಡಗೈಯಿಂದ ಒಂದು ಕೋಲು ಎತ್ತಿ, ಮುಖ ಕಿವುಚಿ, ಕೆಳಗಿಟ್ಟರು.

"ಚಲೋ ಅದಾವ್ರಿ. ಆದ್ರ ಖರೆ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹಬ್ಬದ ದಿನ ನೀವು ಬಿಡಲೇ ಇಲ್ಲ. ಮಗಳನ್ನ ಕೊಡೂ ಸಂಕಟ, ಪಾಪ, ಅಂತ ನಾನೂ ಜೋರ್ ಹಿಡದೆ. ಅವತ್ತ ಹೋತು ನೋಡ್ರಿ ಹೆಗಲ! ಇನ್ನ ಮ್ಯಾಲೆ ಆಡೂದಾದ್ರ ಗ್ರಾಫೈಟ್‌ನ್ಯಾಗ ಆಡ್ರಿ ಅಂದಾರ ಡಾಕ್ಟರು."

ಅಮೀನಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇನಾಯತನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನಿಸಿತು. "ತಪ್ಪಾತ್ರಿ ಬೀಗ್ರ, ನಾಳೇನ ಬದಲಿ ಮಾಡಸ್ತೀನಿ," ಎನ್ನುತ್ತ, ಕ್ಷಮೆ ಕೇಳುವ ಭರದಲ್ಲಿ ಎರಡೂ ತೋಳು ಚಾಚಿ ಮುನ್ನುಗ್ಗಿದ.

ಸಾಹೇಬರು ಥಟ್ಟನೆ ಮಗನ ಬೆನ್ನ ಹಿಂದೆ ಸರಿದರು. "ಬ್ಯಾಡ್ರಿ ಬ್ಯಾಡ್ರಿ, ನಿಶ್ಚಯ ಆತು! ಅಲ್ಲಿಂದ್ಲೇ ಸಲಾಮ್ ಹೇಳ್ರಿ!"