ನನ್ನ ಭಾಷಣವನ್ನು ಹೆಂಡತಿ ಕೇಳಿಸಿಕೊಂಡಿದ್ದು

ಪುಕ್ಕಟೆ ಸಲಹೆ ಕೊಡುವವನಿಗೆ ಒಂದು ದೊಡ್ಡ ಅನುಕೂಲವಿದೆ. ಅದನ್ನು ಕೇಳಿ ನಡೆಯುವವರು ಅವನ ಮನೆಯಲ್ಲಿ ಇರುವುದಿಲ್ಲ. ಈ ಧೈರ್ಯದ ಮೇಲೆಯೇ ನಾನು ಇಷ್ಟು ವರ್ಷ ಬದುಕಿದ್ದೆ. ಕೋಲಾರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ನನಗೆ ಪರೀಕ್ಷೆ ಮುಗಿಯುವ ಹೊತ್ತಿಗೆ ಎಲ್ಲಿಲ್ಲದ ಬೇಡಿಕೆ. ‘ಮುಂದೇನು ಓದಬೇಕು’ ಎಂಬ ನನ್ನ ಭಾಷಣಕ್ಕೆ ಮಾಲೂರಿನವರು ಕರೆಯುತ್ತಾರೆ, ಮುಳಬಾಗಿಲಿನವರು ಕರೆಯುತ್ತಾರೆ. (ಮುಳಬಾಗಿಲಿಗೆ ಸ್ವಲ್ಪ ಮುಂಚೆಯೇ ಹೋಗುತ್ತೇನೆ. ಭಾಷಣಕ್ಕಲ್ಲ, ದೋಸೆಗೆ.) ಶ್ರೀನಿವಾಸಪುರದಲ್ಲಿ ಒಮ್ಮೆ ಮಾವಿನ ಮಂಡಿಯ ಸಾಹುಕಾರರೊಬ್ಬರನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ, “ಮಗಳಿಗೆ ಅರ್ಥಶಾಸ್ತ್ರ ಓದಿಸಿ ಸ್ವಾಮಿ! ಮಾವು ಮಾರೋರು ಬೇಕಾದಷ್ಟು ಜನ ಇದ್ದಾರೆ, ಬೆಲೆ ಯಾಕೆ ಬಿತ್ತು ಅಂತ ಹೇಳೋರು ಬೇಕು” ಎಂದು ಗುಡುಗಿದೆ. ಚಪ್ಪಾಳೆಯೋ ಚಪ್ಪಾಳೆ. ಓದುವುದಕ್ಕೆ ವಯಸ್ಸು ಅಡ್ಡ ಬರಬಾರದು, ಮನೆ ಅಡ್ಡ ಬರಬಾರದು ಎಂದು ಮುಗಿಸುತ್ತೇನೆ. ಆ ಮಾತಿಗೆ ನನ್ನ ಬಲಗೈ ತಾನಾಗಿಯೇ ಮೇಲೇಳುತ್ತದೆ.

ಹೋದ ವರ್ಷ ನಮ್ಮೂರು ವಕ್ಕಲೇರಿಯಲ್ಲೇ ಈ ಭಾಷಣ ನಡೆಯಿತು. ಹಿಂದಿನ ಸಾಲಿನಲ್ಲಿ ನನ್ನ ಹೆಂಡತಿ ಮಂಜುಳ ಕೂತಿದ್ದಳು. ಗಂಡನ ಸಭೆಯಲ್ಲಿ ಕುರ್ಚಿ ಖಾಲಿ ಕಾಣಬಾರದೆಂದು ಬಂದಿದ್ದಾಳೆ, ಪಾಪ ಅಂದುಕೊಂಡೆ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆಂದು ನನಗೇನು ಗೊತ್ತು?

ಆಮೇಲೆ ಅವರೆಕಾಯಿ ಕಾಲ ಬಂತು. ಒಂದು ಸಾಯಂಕಾಲ ಮಂಜುಳ ನೆನೆಸಿದ ಕಾಳು ಹಿತುಕುತ್ತ ಕೂತಿದ್ದಳು, ಪಕ್ಕದಲ್ಲಿ ನಮ್ಮಮ್ಮ, ಎದುರಿಗೆ ಕಾಫಿ ಲೋಟ ಹಿಡಿದ ನಾನು. ಇವಳು ತಲೆ ಎತ್ತದೆ, “ರೀ, ನಾನು ಬೆಂಗಳೂರಲ್ಲಿ ಎಂ.ಎ. ಓದ್ತೀನಿ. ಪಬ್ಲಿಕ್ ಪಾಲಿಸಿ” ಅಂದಳು. ಕಾಫಿ ನೆತ್ತಿಗೆ ಹತ್ತಿತು. ನಲವತ್ತು ದಾಟಿದ ಹೆಂಗಸು! ಮಗಳು ಹಾಸ್ಟೆಲಿನಲ್ಲಿ ಕೂತು ಓದುತ್ತಿರುವಾಗ ತಾಯಿಯೂ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟರೆ ನೋಡಿದವರು ಏನಂದಾರು? ಮದುವೆಗೆ ಮುಂಚೆ ಬಿ.ಎ. ಮುಗಿಸಿದ್ದಳು, ನಿಜ. ಆದರೆ ಅದು ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ ಹಾಕಿಸುವುದಕ್ಕೆ ಅಂತಲೇ ನಾನು ತಿಳಿದಿದ್ದೆ.

ಕಾರಣ ಕೇಳಿದೆ. ಅವಳು ಊರಿನ ಮಹಿಳಾ ಹಾಲಿನ ಸಂಘದ ಕಾರ್ಯದರ್ಶಿ. ಬೇಸಿಗೆಯಲ್ಲಿ ಹಾಲಿನ ಡಿಗ್ರಿ, ಅಂದರೆ ಗಟ್ಟಿತನದ ಅಳತೆ, ಇಳಿದರೆ ಬೆಲೆಯೂ ಇಳಿಯುತ್ತದೆ, ಹೆಂಗಸರು ಬಂದು ಇವಳನ್ನು ಬೈಯುತ್ತಾರೆ. ಸಂಘದ ಸಭೆಗೆ ಬಂದಿದ್ದ ಅಧಿಕಾರಿಯೊಬ್ಬರನ್ನು ಇವಳು ಯಾಕೆ ಹೀಗೆ ಎಂದು ಕೇಳಿದ್ದಾಳೆ. ಅವರು, “ಅದು ಮೇಲಿಂದ ಬಂದಿರೋ ಪಾಲಿಸಿ ಕಣಮ್ಮ” ಅಂದಿದ್ದಾರೆ.

“ಮೇಲೆ ಅಂದ್ರೆ ಎಲ್ಲಿ ಸಾರ್, ಅಲ್ಲಿಗೆ ಹೋಗೋಕೆ ಏನ್ ಓದಬೇಕು ಅಂತ ಕೇಳ್ದೆ. ಅವರು ನಕ್ಕುಬಿಟ್ರು. ನೀವು ಮಾತ್ರ ಭಾಷಣದಲ್ಲಿ ವಿವರವಾಗಿ ಹೇಳಿದ್ರಿ” ಎಂದು ಮಂಜುಳ ನನ್ನನ್ನು ಕೃತಜ್ಞತೆಯಿಂದ ನೋಡಿದಳು. ಮದುವೆಯಾದ ಮೇಲೆ ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಏನು ಮಾಡಲಿ ಹೇಳಿ!

ನೆಲದ ಮೇಲೆ ಬೇಳೆಗಳನ್ನು ಸಾಲಾಗಿ ಜೋಡಿಸಿ ದಾರಿಯನ್ನೂ ತೋರಿಸಿದಳು. “ಇದು ಎಂ.ಎ. ಇದು ನೆಟ್ ಪರೀಕ್ಷೆ. ಇದು ಪಿಎಚ್.ಡಿ., ಇದು ಬೇಯೋದು ತಡ. ಆಮೇಲೆ ಪಾಠ ಮಾಡಬೌದು, ಇಲ್ಲಾ ಕಾನೂನು ಬರೆಯೋರ ಜೊತೆ ಕೂತ್ಕೋಬೌದು.”

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ಕಂಗಾಲಾದೆ. “ಏನೇ ಇದು, ನಾನು ರಿಟೈರ್ ಆಗೋ ಹೊತ್ತಿಗೆ ನೀನು ಕೆಲಸಕ್ಕೆ ಸೇರ್ತೀಯಾ?”

“ಒಳ್ಳೇದೇ ಆಯ್ತಲ್ಲ ರೀ, ಆಗ ಮನೇಲಿ ಒಬ್ರು ಇದ್ದಂಗಾಗ್ತದೆ.”

ಕೊನೆಯ ಆಸೆಯಿಂದ ಅಮ್ಮನ ಕಡೆ ತಿರುಗಿದೆ. ಸೊಸೆ ನೆರೆಮನೆಗೆ ಹೋಗಿ ಬರುವುದು ತಡವಾದರೂ ಬಾಗಿಲಲ್ಲಿ ನಿಂತು ಕಾಯುವ ಹೆಂಗಸು, ಇದಕ್ಕೆ ಒಪ್ಪುತ್ತಾರೆಯೇ? “ಪೋನೀ ಬಿಡೋ, ಓದ್ಲಿ” ಅಂದುಬಿಟ್ಟರು! “ನಾನು ಸ್ಕೂಲಿಗೆ ಹೋಗ್ತೀನಿ ಅಂದಾಗ ನಮ್ಮಪ್ಪ ಎಮ್ಮೆ ಹಗ್ಗ ಕೈಗೆ ಕೊಟ್ಟ. ಇವಳ ಕೈಗೆ ನೀನೂ ಅದನ್ನೇ ಕೊಡ್ಬೇಡ ಕಣೋ.” ಇಷ್ಟು ವರ್ಷದಲ್ಲಿ ಈ ವಿಷಯ ಅಮ್ಮ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ.

ಬೇಡ ಅನ್ನಲು ಬಾಯಿ ಬರಲಿಲ್ಲ, ಹೂಂ ಅನ್ನಲು ಮನಸ್ಸು ಬರಲಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ಅವಳು ಅರ್ಜಿ ಹಾಕಿದ ಕಡೆ ಪ್ರವೇಶಕ್ಕೆ ಮುಂಚೆ ಸಂದರ್ಶನ ಇತ್ತು, ಅದಕ್ಕೆ ತಯಾರಿ ಮಾಡಿಸುತ್ತೇನೆಂದು ಜಗುಲಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತೆ. ಪಂಚಾಯಿತಿ, ಬಜೆಟ್ಟು, ಪಡಿತರ, ಏನು ಕೇಳಿದರೂ ಪಟಪಟ ಹೇಳುತ್ತಾಳೆ. ಕೊನೆಗೆ ನನ್ನ ಬ್ರಹ್ಮಾಸ್ತ್ರ ಬಿಟ್ಟೆ: “ನೀವು ಬೆಂಗಳೂರಿಗೆ ಬಂದುಬಿಟ್ಟರೆ ಮನೆ ಯಾರು ನೋಡಿಕೊಳ್ಳುತ್ತಾರೆ?” ಮಂಜುಳ ತಬ್ಬಿಬ್ಬಾದಳು. ನನಗೆ ಒಳಗೊಳಗೇ ಖುಷಿ. “ನೋಡು, ಈ ಪ್ರಶ್ನೆ ಖಂಡಿತ ಬರ್ತದೆ. ಎಲ್ಲರೂ ಬಿದ್ದುಹೋಗೋದು ಇಲ್ಲೇ” ಎಂದು ಗಂಭೀರವಾಗಿ ಎಚ್ಚರಿಸಿದೆ. ಸಂದರ್ಶನದ ದಿನದವರೆಗೂ ಅದನ್ನೇ ತಿರುಗಿಸಿ ಮುರುಗಿಸಿ ಕೇಳಿದೆ. ಅತ್ತೆಗೆ ಹುಷಾರು ತಪ್ಪಿದರೆ? ಹಸು ಕರು ಹಾಕಿದರೆ? ಗಂಡನ ಊಟ? ಅವಳು ದಿನಕ್ಕೊಂದು ಉತ್ತರ ಕಟ್ಟುತ್ತಿದ್ದಳು, ಯಾವುದೂ ಸಾಲದು ಎಂದು ನಾನು ತಲೆಯಾಡಿಸುತ್ತಿದ್ದೆ.

ಸೀಟು ಸಿಕ್ಕಿತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ನಾನು ಹೇಳಬೇಕಾದದ್ದು ಅದಲ್ಲ, ಸಂದರ್ಶನ ಮುಗಿಸಿ ರೈಲಿನಲ್ಲಿ ನಮ್ಮೂರಿಗೆ ಹತ್ತಿರದ ಸ್ಟೇಷನ್ ಟೇಕಲ್ಲಿಗೆ ವಾಪಸು ಬರುವಾಗ ನಡೆದದ್ದು. ಮಂಜುಳ ಕಿಟಕಿ ಪಕ್ಕ ಕೂತು ಕಡ್ಲೆಕಾಯಿ ಬಿಡಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ಆ ಪ್ರಶ್ನೆಗೆ ಏನಂದೆ?”

“ಯಾವ್ದಕ್ಕೆ?”

“ಅದೇ, ಮನೆ ಯಾರು ನೋಡ್ಕೋತಾರೆ ಅನ್ನೋದು.”

ಅವಳು ಬಿಡಿಸುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. “ಹಾಲಿಂದು ಕೇಳಿದ್ರು, ಸಂಘದ್ದು ಕೇಳಿದ್ರು, ಇಷ್ಟು ದಿನ ಯಾಕೆ ಬರ್ಲಿಲ್ಲ ಅಂತಾನೂ ಕೇಳಿದ್ರು. ಅದನ್ನ ಮಾತ್ರ ಯಾರೂ ಕೇಳ್ಲಿಲ್ಲ ಕಣ್ರೀ. ಅದನ್ನ ಕೇಳಿದ್ದು ನೀವೊಬ್ರೇ.”

ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

“ಅವರು ಮರೆತಿರಬೇಕು ಬಿಡೇ” ಅಂದೆ.