ಹೆದ್ದಾರಿ ದಂಡೆಯ ಕೆಂಪು ನಿಶಾನೆ

ರಸ್ತೆ ದಾಟಿಸುವ ಉಸಾಬರಿ ಹಚ್ಚಿಕೊಂಡ ನನ್ನಂಥ ಮಾಸ್ತರನಿಗೆ ಪ್ರಸಂಗಗಳಿಗೇನೂ ಬರವಿಲ್ಲ. ಆಗ ನಕ್ಕಿಲ್ಲ. ಈಗ ನಗುತ್ತೇನೆ.

ಎಪ್ಪತ್ತರ ದಶಕದ ಕೊನೆ. ಶಿಗ್ಗಾಂವಿ ತಾಲೂಕಿನ ಒಂದು ಹಳ್ಳಿ. ಊರು ಹೆದ್ದಾರಿಯ ಈಚೆ, ನಮ್ಮ ಶಾಲೆ ಆಚೆ. ಹುಡುಗಿಯೊಬ್ಬಳು ಲಾರಿಯಿಂದ ಕೂದಲೆಳೆಯಲ್ಲಿ ಪಾರಾದಳು. ಊರ ಗೌಡರು ಖಡಾಖಡಿ ಹೇಳಿದರು: "ಮಾಸ್ತರ, ಒಂದು ತಿಂಗಳು ನೋಡ್ತೇನಿ. ದಾಟಾಕ ಏನರ ವ್ಯವಸ್ಥಾ ಮಾಡ್ರಿ. ಇಲ್ಲಂದ್ರ ಹುಡುಗ್ಯಾರು ಸಾಲಿಗೆ ಬರೂದು ಬಂದ್."

ರಸ್ತೆಯ ಎರಡೂ ದಂಡೆಗೆ ಡಬ್ಬಿ ಕಟ್ಟಿ, ಎರಡೆರಡು ಕೆಂಪು ಬಟ್ಟೆಯ ನಿಶಾನೆ ಇಟ್ಟೆ. ದಾಟುವವರು ನಿಶಾನೆ ಎತ್ತಬೇಕು, ಗಾಡಿ ನಿಂತ ಮೇಲೆ ದಾಟಿ ಆಚೆಯ ಡಬ್ಬಿಗೆ ಹಾಕಬೇಕು.

ಮೊದಲ ದಿನ

ಮೊದಲು ನಿಶಾನೆ ಎತ್ತಿದವಳು ಮೊಸರಿನ ಗಡಿಗೆ ಹೊತ್ತ ಮುದುಕಿ. ಲಾರಿ ಕಿರ್ರನೆ ನಿಂತಿತು. ನನಗೆ ಹಿಗ್ಗೋ ಹಿಗ್ಗು! ಮುದುಕಿ ದಾಟಲಿಲ್ಲ. "ಯಪ್ಪಾ, ಎಲ್ಲಿಗೆ ಹೊಂಟಿ?" ಎಂದು ಡ್ರೈವರನನ್ನು ಕೇಳಿದಳು.

"ಹುಬ್ಬಳ್ಳಿಗೆ."

"ಚಲೋ ಆತು, ಈ ಗಡಿಗಿ ಹಿಡಿ," ಎಂದು ಹತ್ತಿ ಕುಳಿತಳು. ನಿಶಾನೆಯೂ ಹುಬ್ಬಳ್ಳಿಗೆ ಹೋಯಿತು. ಮರುದಿನದಿಂದ ಬಸ್ಸು ತಪ್ಪಿದವರೆಲ್ಲ ನನ್ನ ಡಬ್ಬಿಯ ಮುಂದೆ ಪಾಳಿ ಹಚ್ಚಿದರು.

ಸಂತೆ ದಿನ

ಸಂತೆಯ ಬಸ್ಸು ನಿಲ್ಲುವುದು ಆಚೆ. ಬೆಳಿಗ್ಗೆಯೇ ನಿಶಾನೆಗಳೆಲ್ಲ ಜನರೊಂದಿಗೆ ದಾಟಿಹೋಗಿ, ಈಚೆ ಮಕ್ಕಳಿಗೆ ಒಂದೂ ಉಳಿದಿರಲಿಲ್ಲ. ಆಚೆ ನಿಂತಿದ್ದ ರೈತನಿಗೆ, "ಒಂದು ನಿಶಾನಿ ತಾರಪ್ಪಾ, ನಿಶಾನಿ ಜ್ವಾಕಿ!" ಎಂದು ಕೂಗಿ ತರಿಸಿದೆ. ಪಾಪ, ತಂದ, ಡಬ್ಬಿಯಲ್ಲಿಟ್ಟ, ಮತ್ತೆ ಬರಿಗೈಲಿ ಎರಡು ಲಾರಿಗಳ ನಡುವೆ ಜಿಗಿದು ಓಡಿದ! ಬೈದರೆ, ಆಚೆಯಿಂದ ಕೂಗಿದ: "ನಿಶಾನಿ ಜ್ವಾಕಿ ಅಂದವ್ರು ನೀವಾ ಅಲ್ಲೇನ್ರಿ?"

ತಿಂಗಳ ಕೊನೆ

ಪರೀಕ್ಷಿಸಲು ಗೌಡರೇ ಬಂದು ನನ್ನ ಪಕ್ಕ ನಿಂತರು. ಅಂದೂ ಸಂತೆ, ಡಬ್ಬಿ ಖಾಲಿ. ಅಷ್ಟರಲ್ಲಿ ಆಚೆಯ ಗೆಳತಿಯನ್ನು ಕಂಡು ಗೌಡರ ಮೊಮ್ಮಗಳು ಮಕ್ಕಳ ಸಾಲು ಬಿಟ್ಟು ಓಡಿದಳು. ನಡುರಸ್ತೆಯಲ್ಲಿ ಹೆದರಿ ನಿಂತುಬಿಟ್ಟಳು. ಎದುರಿಗೆ ಬಸ್ಸು.

ಗೌಡರು ತಲೆಯ ರುಮಾಲು ಕಿತ್ತು ಬೀಸುತ್ತ ನುಗ್ಗಿದರು. ನಮ್ಮ ಕಡೆ ಹಿರಿಯರು ಬೀದಿಯಲ್ಲಿ ರುಮಾಲು ತೆಗೆಯುವುದು ಸಾವಾದಾಗ ಮಾತ್ರ. ಬಸ್ಸು ಗಕ್ಕನೆ ನಿಂತಿತು. ಜನ ಇಳಿದು ಟೊಪ್ಪಿಗೆ ತೆಗೆದು ತಲೆ ತಗ್ಗಿಸಿದರು. ಒಬ್ಬಾಕೆ ಸತ್ತವರು ಯಾರೆಂದು ತಿಳಿಯದೆಯೇ ಹಾಡಿ ಅಳತೊಡಗಿದಳು. ಬಸ್ಸು ನಿಂತಿರುವಾಗಲೇ ನಾನು ಅಷ್ಟೂ ಮಕ್ಕಳನ್ನು ದಾಟಿಸಿದೆ.

ಡ್ರೈವರ್ ಮೆಲ್ಲಗೆ ಕೇಳಿದ: "ಯಾರು ಹೋದ್ರಿ, ಗೌಡ್ರ?"

ಗೌಡರು ಮೊಮ್ಮಗಳನ್ನು ಎತ್ತಿ ಅಪ್ಪಿಕೊಂಡರು. "ಯಾರೂ ಹೋಗಿಲ್ಲೋ ತಮ್ಮಾ, ನೀ ನಿಂತಿ!" ಎಂದರು. ನನ್ನ ಕಡೆ ತಿರುಗಿ, "ಮಾಸ್ತರ, ಹುಡುಗ್ಯಾರ್ನ ಸಾಲಿ ಬಿಡಸೂದಿಲ್ಲ. ನಾಳಿಂದ ದಿನಾ ನಾನಾ ರುಮಾಲ ಬೀಸಾಕ ಇಲ್ಲಿ ನಿಂದರ್ತೇನಿ," ಎಂದರು.

ಅಳುತ್ತಿದ್ದಾಕೆ ಕಣ್ಣೊರೆಸಿಕೊಂಡು ಕೇಳಿದಳು: "ಹಂಗಾರ ನಾವು ದಿನಾ ಇಳದು ಅಳಬೇಕೇನ್ರಿ?"